ವರದಿಯಿಂದ ನಾನು ಅಳಿಸಿದ ಸಾಲು

2005ರ ಜೂನ್ ತಿಂಗಳಲ್ಲಿ ನಾನು ಹುಬ್ಬಳ್ಳಿಯ ಒಂದು ಪುಟ್ಟ ವಿಡಿಯೊ ಗೇಮ್ ಕಂಪನಿಯಲ್ಲಿ ಹಿರಿಯ ಪ್ರೋಗ್ರಾಮರ್ ಆಗಿದ್ದೆ. ನನಗಾಗ ಮೂವತ್ತೊಂದು ವರ್ಷ. ಉಳಿದ ಇಬ್ಬರು ನನಗಿಂತ ಚಿಕ್ಕವರು ಎಂಬುದಷ್ಟೇ ನನ್ನ ಹಿರಿತನ. ಧಾರವಾಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ನಮ್ಮ ಆಫೀಸು. ಮೂರು ಕಂಪ್ಯೂಟರ್, ನಾಲ್ಕು ಕುರ್ಚಿ, ಕೂಗಿದರೆ ಬರುವ ಚಹಾ.

ಪುಣೆಯ ಒಬ್ಬ ಗ್ರಾಹಕರು ಸೈಕಲ್ ರೇಸಿನ ಆಟವೊಂದನ್ನು ಮಾಡಿಕೊಡಲು ಕೇಳಿದ್ದರು. ಅದಕ್ಕೆ ಮೊದಲು ಗೇಮ್ ಎಂಜಿನ್ ಆರಿಸಬೇಕಿತ್ತು. ಆಟ ಎನ್ನುವುದು ಅಡುಗೆಯಾದರೆ ಎಂಜಿನ್ ಎನ್ನುವುದು ಒಲೆ, ಪಾತ್ರೆ, ನೀರು ಎಲ್ಲ ಸಿದ್ಧವಿರುವ ಅಡುಗೆಮನೆ. ಚಿತ್ರ ಮೂಡಿಸುವುದು, ಸದ್ದು ಹೊರಡಿಸುವುದು, ಸೈಕಲ್ಲಿಗೆ ಸೈಕಲ್ ಬಡಿದರೆ ಬೀಳಿಸುವುದು ಎಲ್ಲವನ್ನೂ ಅದು ಮಾಡುತ್ತದೆ. ಮಾರುಕಟ್ಟೆಯಲ್ಲಿದ್ದ ಮೂರು ಎಂಜಿನ್‌ಗಳ ಪರೀಕ್ಷಾ ಪ್ರತಿ ತರಿಸಿದ್ದೆವು. ದುಬಾರಿಯಾದದ್ದಕ್ಕೆ ದೊಡ್ಡವ, ಅಗ್ಗದ್ದಕ್ಕೆ ಸಣ್ಣವ, ಉಳಿದದ್ದಕ್ಕೆ ನಡುವಿನವ ಎಂದು ಹೆಸರಿಟ್ಟೆವು. ದೊಡ್ಡವನ ಹೆಸರು ಪರದೇಶದ ಪತ್ರಿಕೆಗಳಲ್ಲೆಲ್ಲ ಇತ್ತು, ಆದರೆ ಅದರೊಳಗಿನ ಮೂಲ ಬರಹವಾದ ಸೋರ್ಸ್ ಕೋಡ್ ಕೊಡುತ್ತಿರಲಿಲ್ಲ. ಅಂದರೆ ಗಾಡಿ ಮಾರಿ, ಬಾನೆಟ್ಟಿಗೆ ಬೀಗ ಹಾಕಿ ಕೀಲಿಯನ್ನು ತಾವೇ ಇಟ್ಟುಕೊಂಡಂತೆ. ಸಣ್ಣವನು ಕೋಡ್ ಸಮೇತ ಬರುತ್ತಿದ್ದ.

ನಮ್ಮ ಮಾಲಕರು ವೀರಣ್ಣನವರು ಮೊದಲು ಪಂಪ್‌ಸೆಟ್ ಏಜೆನ್ಸಿ ನಡೆಸಿದವರು. ಅವರಿಗೆ ನಾನು ಇದನ್ನೆಲ್ಲ ವಿವರಿಸಿದೆ. ಅವರು ಕೈಯೆತ್ತಿ ತಡೆದರು.

“ಪಂಪ್ ಆದ್ರೇನು, ಎಂಜಿನ್ ಆದ್ರೇನು, ಯಾವುದು ಹೆಚ್ಚು ನೀರು ಎತ್ತತೈತಿ ಅಷ್ಟ ಹೇಳ್ರಿ. ಒಂದ ಹಾಳಿ ಸಾಕು.”

ಹೀಗೆ ನಮ್ಮ ಹೋಲಿಕೆ ಒಂದು ಹಾಳೆಗೆ, ಒಂದು ಅಂಕಿಗೆ ಇಳಿಯಿತು. ಆ ಅಂಕಿ ಫ್ರೇಮ್ ರೇಟ್: ಒಂದು ಸೆಕೆಂಡಿನಲ್ಲಿ ತೆರೆಯ ಮೇಲೆ ಎಷ್ಟು ಚಿತ್ರ ಮೂಡುತ್ತವೆ ಎಂಬ ಲೆಕ್ಕ. ಇಪ್ಪತ್ತೈದಕ್ಕಿಂತ ಕೆಳಗಿಳಿದರೆ ಸೈಕಲ್ ಓಡುವುದಿಲ್ಲ, ಕುಂಟುತ್ತದೆ. ಇಳಿಜಾರಿನ ಒಂದು ಪೇಟೆ ಬೀದಿ, ಒಂದು ತಿರುವು, ಹನ್ನೆರಡು ಸೈಕಲ್ ಸವಾರರು. ಈ ಒಂದೇ ದೃಶ್ಯವನ್ನು ಮೂವರೂ ಒಂದೊಂದು ಎಂಜಿನ್‌ನಲ್ಲಿ ಕಟ್ಟಿ ಅಳೆಯಬೇಕೆಂದು ನಾನೇ ನಿಯಮ ಮಾಡಿದೆ. ದೊಡ್ಡವನನ್ನು ನಾನು ತೆಗೆದುಕೊಂಡೆ. ನಡುವಿನವನನ್ನು ಅಮ್ಮಿನಬಾವಿಯ ಮಹಾಂತೇಶನಿಗೆ ಕೊಟ್ಟೆ. ಸಣ್ಣವನು ಶಬಾನಾಳ ಪಾಲಿಗೆ ಬಂದ.

ಶಬಾನಾ ಹಳೇ ಹುಬ್ಬಳ್ಳಿಯ ರೇಡಿಯೊ ಮೆಕ್ಯಾನಿಕ್ ಒಬ್ಬರ ಮಗಳು. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಮಾತು ಕಡಿಮೆ, ಕೆಲಸ ಹೆಚ್ಚು. ಅವಳೂ ಮಹಾಂತೇಶನೂ ಇನ್ನೂ ಕಾಯಂ ಆಗಿರಲಿಲ್ಲ. ವೀರಣ್ಣನವರು ನನ್ನೊಬ್ಬನನ್ನೇ ಕರೆದು, “ಇಬ್ಬರೊಳಗ ಒಬ್ಬರನ್ನ ಇಟಗೋತೇನಿ. ಯಾರ ಅಂಕಿ ಕಡಿಮಿ ಬರತೈತಿ, ಅವರು ಬ್ಯಾರೆ ಕಡೆ ನೋಡಿಕೊಳ್ಳಲಿ” ಎಂದಿದ್ದರು. ಎಂಜಿನ್ನಿನ ಅಂಕಿಯಿಂದ ಮನುಷ್ಯರನ್ನು ಅಳೆಯುವುದು ತಪ್ಪು ಎಂದು ನಾನು ಹೇಳಬೇಕಿತ್ತು. ತಲೆಯಾಡಿಸಿ ಬಂದೆ.

ತೊಡಕು ಇದ್ದದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಮೂರು ಆಯಾಮದ ಚಿತ್ರಗಳನ್ನು ಲಗುಬಗೆಯಿಂದ ಮೂಡಿಸುವ ಅಂಗೈಯಗಲದ ಹಲಗೆ ಅದು. ಆಫೀಸಿಗೆಲ್ಲ ಒಂದೇ ಇತ್ತು. ಆಗ ಹುಬ್ಬಳ್ಳಿಯಲ್ಲಿ ನಲ್ಲಿ ನೀರು ಬರುತ್ತಿದ್ದುದು ಪಾಳಿಯ ಮೇಲೆ. ಯಾವ ಓಣಿಗೆ ಯಾವ ದಿನ ಎಂದು ಮನೆಮಂದಿಗೆಲ್ಲ ಬಾಯಿಪಾಠ. ಬೇರೆಯವರ ಪಾಳಿಯಲ್ಲಿ ಕೊಡ ಇಟ್ಟವನನ್ನು ಓಣಿ ವರ್ಷಗಟ್ಟಲೆ ಮರೆಯುತ್ತಿರಲಿಲ್ಲ. ನಾವೂ ಕಾರ್ಡಿಗೆ ಪಾಳಿ ಹಚ್ಚಿದೆವು. ಸೋಮವಾರ, ಮಂಗಳವಾರ ನನ್ನದು. ಬುಧವಾರ, ಗುರುವಾರ ಮಹಾಂತೇಶನದು. ಶುಕ್ರವಾರ, ಶನಿವಾರ ಶಬಾನಾಳದು. ಗೋಡೆಗೆ ಹಾಳೆ ಅಂಟಿಸಿ ಕೆಳಗೆ ಸಹಿ ಹಾಕಿದವನೂ ನಾನೇ.

ಕಡೆಯ ವಾರ ಅಳತೆಯ ವಾರ. ನನ್ನ ದೊಡ್ಡವ ಇಪ್ಪತ್ತೊಂಬತ್ತು ಕೊಟ್ಟ, ಮಹಾಂತೇಶನ ನಡುವಿನವ ಇಪ್ಪತ್ತಾರು. ಶುಕ್ರವಾರ ಆಫೀಸು ನೋಡಲು ಬರುತ್ತೇವೆಂದು ಪುಣೆಯವರು ಮೊದಲೇ ಫೋನ್ ಮಾಡಿದ್ದರು. ಗುರುವಾರ ಸಂಜೆಯೇ ಕಾರ್ಡನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ಬಂದವರು ದೊಡ್ಡವನ ಬೀದಿಯನ್ನು, ಬಿಸಿಲನ್ನು, ಸೈಕಲ್ಲಿನ ನೆರಳನ್ನು ನೋಡಿ ಭೇಷ್ ಎಂದರು. ನಾನು ಉಬ್ಬಿಹೋದೆ. ಅವರ ಎದುರಿಗೇ, ಆರಿಸುವುದಾದರೆ ಇದೇ ಎಂಜಿನ್ ಎಂದುಬಿಟ್ಟೆ. ಮದುವೆ ಮುಗಿಸಿ ಕನ್ಯೆ ನೋಡಲು ಹೋದವರ ಕಥೆ ನಮ್ಮದಾಯಿತು.

ಶನಿವಾರ ಬೆಳಿಗ್ಗೆ ಶಬಾನಾ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಸರ್, ಇವತ್ತರೆ ಕಾರ್ಡ್ ಕೊಡ್ರಿ. ನಿನ್ನೆ ಪಾಳಿ ಹೋತು, ಅಳೆಯೂದು ಹಂಗ ಉಳದೈತಿ.”

“ಸಂಜಿಮುಂದ ಮಾಲಕರ ಬೀಗರು ನೋಡಾಕ ಬರತಾರ. ಸೋಮವಾರ ನೋಡೂಣು.”

“ಸೋಮವಾರ ವರದಿ ಕೊಡಬೇಕಲ್ರಿ?”

“ಈಗ ಬಂದಷ್ಟು ಬರದು ಕೊಡವಾ.”

ಅವಳು ಕಾರ್ಡಿಲ್ಲದ ಕಂಪ್ಯೂಟರಿನಲ್ಲೇ ಅಳೆದಳು. ಹದಿನಾಲ್ಕು ಬಂತು. ಸೋಮವಾರ ಬೆಳಿಗ್ಗೆ ಅವಳು ಕೊಟ್ಟ ಪುಟದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು: ಈ ಅಳತೆ ಕಾರ್ಡ್ ಇಲ್ಲದ ಯಂತ್ರದ್ದು, ಕಾರ್ಡ್ ಹಾಕಿ ಮತ್ತೊಮ್ಮೆ ಅಳೆಯಬೇಕು. ಮೂರು ಪುಟಗಳನ್ನು ಒಂದಕ್ಕೆ ಇಳಿಸುವಾಗ ಆ ಸಾಲನ್ನು ಓದಿದೆ. ಇದನ್ನು ಉಳಿಸಿದರೆ ವೀರಣ್ಣನವರು ಪ್ರಶ್ನೆ ಕೇಳುತ್ತಾರೆ, ವರದಿ ಎರಡು ದಿನ ಮುಂದೆ ಹೋಗುತ್ತದೆ, ಪುಣೆಯವರ ಮುಂದೆ ನಾನು ಆಡಿದ ಮಾತು ಅಲುಗಾಡುತ್ತದೆ. ಜಾಗವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜಾಗ ಇತ್ತು. ಹಾಳೆಯ ಕೆಳಗೆ ನಾಲ್ಕು ಬೆರಳು ಖಾಲಿ ಇತ್ತು. ಸಾಲನ್ನು ಅಳಿಸಿದೆ. ಅದರ ಬೆಲೆ ಯಾರು ತೆರುತ್ತಾರೆ ಎಂಬುದು ಆ ಕ್ಷಣದಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು.

ಇಪ್ಪತ್ತೊಂಬತ್ತು, ಇಪ್ಪತ್ತಾರು, ಹದಿನಾಲ್ಕು. ವೀರಣ್ಣನವರು ಓದಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ತಿಂಗಳ ಕೊನೆಗೆ ಶಬಾನಾ ತನ್ನ ಡಬ್ಬಿ, ನೋಟುಬುಕ್ಕು ಚೀಲಕ್ಕೆ ಹಾಕಿಕೊಂಡು, “ಬರತೇನ್ರಿ ಸರ್” ಎಂದು ಹೋದಳು. ಅವಳ ದೃಶ್ಯದ ಕಡತಗಳೆಲ್ಲ ಒಂದು ಸಿ.ಡಿ.ಯಲ್ಲಿ ಹೆಸರು, ತಾರೀಖು ಸಮೇತ ನನ್ನ ಮೇಜಿನ ಮೇಲಿದ್ದವು.

ದೊಡ್ಡವನ ಜೊತೆಗಿನ ಸಂಸಾರ ಎಂಟು ತಿಂಗಳು ನಡೆಯಿತು. ತಿರುವಿನಲ್ಲಿ ಹನ್ನೆರಡು ಸೈಕಲ್ ಒಟ್ಟಿಗೆ ಬಂದರೆ ಒಂದು ಮಾಯವಾಗುತ್ತಿತ್ತು. ತಪ್ಪು ಇದ್ದದ್ದು ಎಂಜಿನ್ನಿನ ಒಳಗೆ, ಬೀಗ ಹಾಕಿದ ಬಾನೆಟ್ಟಿನ ಕೆಳಗೆ. ಮಾರಿದವರಿಗೆ ಹನ್ನೊಂದು ಮೇಲ್ ಬರೆದೆ. ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತದೆ ಎಂದು ಹನ್ನೊಂದು ಸಲವೂ ಉತ್ತರ ಬಂತು. ಪುಣೆಯವರು ಕಾದು ಕಾದು ಕೈಬಿಟ್ಟರು.

ಅವರು ಕೈಬಿಟ್ಟ ಮರುದಿನ ಮೇಜು ಅಚ್ಚುಕಟ್ಟು ಮಾಡುವಾಗ ಆ ಸಿ.ಡಿ. ಸಿಕ್ಕಿತು. ಕಾರ್ಡು ನನ್ನ ಕಂಪ್ಯೂಟರಿನಲ್ಲೇ ಇತ್ತು, ಜೂನ್‌ನಿಂದಲೂ ಅಲ್ಲೇ ಇತ್ತು. ಸಿ.ಡಿ. ಹಾಕಿ ಓಡಿಸಿದೆ. ಹನ್ನೆರಡು ಸವಾರರು ಬೀದಿ ಇಳಿದರು, ತಿರುವು ದಾಟಿದರು. ಎಣಿಸಿದೆ, ಹನ್ನೆರಡೂ ಇದ್ದರು. ತೆರೆಯ ಮೂಲೆಯಲ್ಲಿ ಅಂಕಿ ಮೂವತ್ತೆಂಟು. ಎರಡನೇ ಸಲ ಓಡಿಸಿದಾಗಲೂ ಮೂವತ್ತೆಂಟೇ.

ಅವಳ ಮನೆ ಹುಡುಕಿಕೊಂಡು ಹೋಗಲು ನನಗೆ ಮತ್ತೆ ಎರಡು ತಿಂಗಳು ಬೇಕಾಯಿತು. ದೂರವಿದ್ದದ್ದಕ್ಕಲ್ಲ, ಅಂಜಿಕೆಗೆ. ತಂದೆಯ ರೇಡಿಯೊ ಅಂಗಡಿಯ ಅಟ್ಟದ ಮೇಲೆ ಅವಳು ಎರಡು ಕಂಪ್ಯೂಟರ್ ಇಟ್ಟುಕೊಂಡು ಓಣಿಯ ಹೆಣ್ಣುಮಕ್ಕಳಿಗೆ ಕ್ಲಾಸು ನಡೆಸುತ್ತಿದ್ದಳು. ಎದ್ದು ಕುರ್ಚಿ ಕೊಟ್ಟಳು, ಕೆಳಗೆ ಚಹಾ ಹೇಳಿದಳು. ನಾನು ಚಹಾಕ್ಕೂ ಕಾಯದೆ ಮೂವತ್ತೆಂಟು ಎಂದೆ.

ಅವಳು ನಕ್ಕಳು. “ಗೊತ್ತಿತ್ರಿ ಸರ್. ಆ ಸೋಮವಾರ ಮುಂಜಾನೆ ಎಂಟಕ್ಕ ಬಂದಿದ್ದೆ. ಕಸ ಹೊಡಿಯೋ ಕಾಕಾ ಬಾಗಲಾ ತಗದರು. ಕಾರ್ಡ್ ತಗದು ನನ್ನ ಕಂಪ್ಯೂಟರಿಗೆ ಹಾಕಿ ಅಳದು, ಹೊಳ್ಳಿ ನಿಮ್ಮದಕ್ಕ ಹಾಕಿಟ್ಟಿದ್ದೆ.”

“ಮತ್ತ ಯಾಕ ಬರೀಲಿಲ್ಲ?”

“ಸೋಮವಾರ ನಿಮ್ಮ ಪಾಳಿ ಅಲ್ರಿ? ಪಾಳಿ ಮುರದು ಅಳದದ್ದನ್ನ ಹೆಂಗ ಬರೀಲಿ? ಅದಕ್ಕ ಮತ್ತೊಮ್ಮೆ ಅಳೀಬೇಕು ಅಂತ ಬರದೆ. ನೀವು ಅಳದರ ಖರೇ ಅಂಕಿ ತಾನ ಬರತೈತಿ ಅಂತ ತಿಳದಿದ್ದೆ. ಮಾಲಕರು ಆ ಸಾಲು ಓದಲಿಲ್ಲ, ಏನ್ ಮಾಡೂದು. ಅವರಿಗೆಲ್ಲಿ ವ್ಯಾಳ್ಯಾ.”

ಹತ್ತು ತಿಂಗಳಿಂದ ಅವಳು ಹಾಗೆಂದೇ ನಂಬಿದ್ದಳು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಚಹಾ ಕುಡಿದು ಬರಬಹುದಿತ್ತು. ಹೂಂ ಎನ್ನಲು ಬಾಯಿ ತೆರೆದೂ ಇದ್ದೆ.

“ಆ ಸಾಲು ಅವರಿಗೆ ಮುಟ್ಟಲೇ ಇಲ್ಲ ಶಬಾನಾ. ನಾನ ಅಳಿಸಿದೆ.”

ಅವಳ ಮುಖದ ನಗು ಒಮ್ಮೆಗೇ ಹೋಗಲಿಲ್ಲ, ತಡೆದು ತಡೆದು ಹೋಯಿತು. ನಾನು ಕ್ಷಮೆ ಕೇಳಿದೆ. ಕಂಪನಿಗೆ ಮತ್ತೆ ಬಾ, ವೀರಣ್ಣನವರಿಗೆ ಎಲ್ಲ ಹೇಳುತ್ತೇನೆ ಎಂದೆ. ಅವಳು ಕೀಬೋರ್ಡಿನ ಮೇಲಿನ ಧೂಳು ಒರೆಸಿದಳು.

“ಅವರಿಗೆ ಹೇಳ್ರಿ. ಆದ್ರ ನಾ ಬರಂಗಿಲ್ರಿ. ಪಾಳಿ ದಿನಾ ನೀರು ಬರಲಿಲ್ಲಂದ್ರ ಮುಂದಿನ ಪಾಳಿತನಾ ಯಾರೂ ಕೊಡಾ ಹಿಡಕೊಂಡು ನಿಂದ್ರಂಗಿಲ್ಲ. ಬ್ಯಾರೆ ಕಡೆಯಿಂದ ತರತಾರ.”

ಚಹಾ ಬಂತು. ಕುಡಿದು ಅಟ್ಟ ಇಳಿದೆ.

ವೀರಣ್ಣನವರಿಗೆ ಮರುದಿನವೇ ಹೇಳಿದೆ. ಆಮೇಲೆ ಹದಿನೈದು ವರ್ಷ ನಾನು ಎಷ್ಟೋ ಎಂಜಿನ್‌ಗಳನ್ನು ಹೋಲಿಸಿ ವರದಿ ಬರೆದಿದ್ದೇನೆ. ಯಾವ ಯಂತ್ರ, ಯಾವ ಕಾರ್ಡು, ಅಳೆದವರು ಯಾರು ಎಂಬುದನ್ನು ಅಂಕಿಗಿಂತ ಮೊದಲು ಬರೆಯುತ್ತೇನೆ. ಹಾಗೆ ಬರೆಯುವುದನ್ನು ಕಿರಿಯರಿಗೂ ಕಲಿಸಿದ್ದೇನೆ, ಒಳ್ಳೆಯ ಪದ್ಧತಿ ಎಂದು ಹೊಗಳಿಸಿಕೊಂಡೂ ಇದ್ದೇನೆ. ಯಾರಾದರೂ ಹೊಗಳುವಾಗ ನನಗೆ ಆ ಅಟ್ಟವೇ ನೆನಪಾಗುತ್ತದೆ. ಸರಿಯಾದ ಅಂಕಿ ಕೈಯಲ್ಲಿದ್ದೂ, ತನ್ನ ಪಾಳಿಯಲ್ಲ ಎಂದು ಅವಳು ಬರೆಯಲಿಲ್ಲ. ಅವಳ ಪಾಳಿಯನ್ನು ಕಸಿದುಕೊಂಡಿದ್ದ ನಾನು, ಪಾಳಿಯ ಹಾಳೆಗೆ ಸಹಿ ಹಾಕಿದವನು.