ನೆಲೋಗಿಯ ಎಮ್ಮೆ ಮತ್ತು ನನ್ನ ಹಳೆಯ ಕ್ಯಾಸೆಟ್ಟುಗಳು

ಹತ್ತು ದಿನಗಳ ಹಿಂದೆ ನೆಲೋಗಿಯಲ್ಲಿ ಪಶುವೈದ್ಯರು ಒಂದು ಎಮ್ಮೆಯ ಎಡಪಕ್ಕೆ ಕೊಯ್ದು, ಭುಜದವರೆಗೆ ಕೈ ಹಾಕಿ, ತೆಂಗಿನಕಾಯಿ ಗಾತ್ರದ ಕಪ್ಪು ಉಂಡೆಯೊಂದನ್ನು ಹೊರತೆಗೆದರು. ಬಕೆಟ್ ನೀರಿನಲ್ಲಿ ಅದ್ದಿದಾಗ ಅದು ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಕ್ಯಾಸೆಟ್ಟಿನ ರೀಲು.

ಆ ರೀಲು ನಮ್ಮ ಮನೆಯದು.

ಎಮ್ಮೆ ನನ್ನ ಚಿಕ್ಕಪ್ಪನ ಮಗಳು ನೀಲಮ್ಮನದು. ಏಳು ತಿಂಗಳ ಗಬ್ಬ. ಹಿಂದೆ ಎರಡು ಸಲ ತಿಂಗಳು ತುಂಬುವ ಮೊದಲೇ ಕಂದು ಹಾಕಿತ್ತು. ಈ ಸಲ ಹೇಗೋ ನಿಂತಿತ್ತು. ಅಂದು ಅವಳ ಫೋನು ಬೆಳಿಗ್ಗೆಯೇ ಬಂತು: “ಅಣ್ಣಾ, ಎಮ್ಮಿ ಮೂರ್ ದಿನ ಆತು ಮೇವು ಮುಟ್ಟವಲ್ದು. ಹೊಟ್ಯಾಗ ಏನೋ ಸಿಕ್ಕಾದ ಅಂತಾರ ಡಾಕ್ಟ್ರು. ಕೊಯ್ಯಬೇಕಂತ. ನೀ ಬರ್ತಿ?”

ಜೇವರ್ಗಿಯಿಂದ ಬಸ್ಸು ಹಿಡಿದು ಹೋದೆ. ಎಮ್ಮೆಯನ್ನು ಬೇವಿನ ಮರಕ್ಕೆ ಕಟ್ಟಿ, ಪಕ್ಕೆಯ ಕೂದಲು ಬೋಳಿಸಿದ್ದರು. ನೀಲಮ್ಮ ಅದರ ಮುಖ ಹಿಡಿದು ನಿಂತಿದ್ದಳು. ಉಂಡೆ ಹೊರಬಂದ ಮೇಲೆ ಡಾಕ್ಟರು ಅವಳ ಮುಖ ನೋಡದೆ ಹೇಳಿದರು: “ಎಮ್ಮಿ ಉಳೀತದ ಅನಸ್ತದ. ಕರದ್ದು ಎಂಟು ದಿನ ಏನೂ ಹೇಳಾಕ ಬರಂಗಿಲ್ಲ ನೋಡ್ರಿ.”

ಎಮ್ಮೆಯ ಹೊಟ್ಟೆಗೆ ರೀಲು ಹೋದದ್ದಾದರೂ ಹೇಗೆ?

ಹಿಂಗಾರಿ ಜೋಳ ಹಾಲು ತುಂಬುವಾಗ ಹಕ್ಕಿಗಳ ಹಿಂಡು ಇಳಿಯುತ್ತದೆ. ಹೊಲದಲ್ಲಿ ಗೂಟದಿಂದ ಗೂಟಕ್ಕೆ ರೀಲು ಎಳೆದು ಕಟ್ಟಿದರೆ ಗಾಳಿಗೆ ಗುಂಯ್‌ಗುಡುತ್ತದೆ, ಬಿಸಿಲಿಗೆ ಹೊಳೆಯುತ್ತದೆ. ಹಕ್ಕಿ ಹತ್ತಿರ ಬರುವುದಿಲ್ಲ. (ಒಂದು ವಾರ ಬರುವುದಿಲ್ಲ. ಆಮೇಲೆ ಅವಕ್ಕೂ ರೂಢಿಯಾಗುತ್ತದೆ.) ಸೀಡಿ ಇದ್ದರೆ ದಾರಕ್ಕೆ ಕಟ್ಟಿ ತೂಗುಬಿಡುತ್ತಾರೆ.

ಎರಡು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ಇದನ್ನು ಹೊಗಳಿ ಬರೆದಿದ್ದೆ. ಮರುಬಳಕೆ ಬಗ್ಗೆ ಸೆಮಿನಾರ್ ಮಾಡುವವರು ನೆಲೋಗಿಯ ಹೊಲಕ್ಕೆ ಬಂದು ಕಲಿಯಲಿ ಎಂಬ ಧಾಟಿಯಲ್ಲಿ. ಆಳಂದದ ಒಬ್ಬರು, ಅಫಜಲಪುರದ ಇಬ್ಬರು ಓದಿ, ತಾವೂ ಕಟ್ಟಿದ್ದೇವೆಂದು ಮೆಸೇಜ್ ಮಾಡಿದ್ದರು. ಅದನ್ನು ಹತ್ತು ಜನಕ್ಕೆ ಫಾರ್ವರ್ಡ್ ಮಾಡಿ ಖುಷಿಪಟ್ಟಿದ್ದೆ.

ಕೊಯ್ಲಾದ ಮೇಲೆ ರೀಲು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಬರೆದಿರಲಿಲ್ಲ. ಯೋಚಿಸಿಯೂ ಇರಲಿಲ್ಲ.

ಗೂಟ ಮುಂದಿನ ವರ್ಷಕ್ಕೆ ಬೇಕು, ಕಿತ್ತು ಒಯ್ಯುತ್ತಾರೆ. ರೀಲು ಬಿಸಿಲಿಗೆ ಕಡಿದು ದಂಟಿಗೆ ಸುತ್ತಿಕೊಂಡಿರುತ್ತದೆ. ದಂಟಿನ ಜೊತೆಗೇ ಅದನ್ನೂ ಸೂಡು ಕಟ್ಟಿ, ಬಣವೆ ಒಟ್ಟುತ್ತಾರೆ. ಬೇಕಾದಾಗ ಮೆಷಿನ್ನಿಗೆ ಕೊಟ್ಟು ಕತ್ತರಿಸುತ್ತಾರೆ. ದಂಟೂ ತುಂಡು, ರೀಲೂ ತುಂಡು. ಎಮ್ಮೆ ಆರಿಸಿ ತಿನ್ನುವ ಪ್ರಾಣಿಯಲ್ಲ.

ಹೊಲಿಗೆ ಹಾಕಿ ಡಾಕ್ಟರು ಹೋದ ಮೇಲೆ ಒಂದು ಮಾತು ಅಂದೆ. ಅನ್ನಬಾರದಿತ್ತು. “ಕ್ಯಾಸೆಟ್ ನೀನೇ ಕೇಳಿ ಒಯ್ದಿದ್ಯಲ್ಲ ನೀಲಾ. ನನಗೇನ್ ಗೊತ್ತಿತ್ತು?”

ಅವಳು ಕೈ ತೊಳೆಯುತ್ತಿದ್ದಳು. “ನಾ ಯಾವಾಗ ಕೇಳಿದ್ನಿ? ಮನ್ಯಾಗ ಟೇಪ್ ರೆಕಾರ್ಡರೇ ಇಲ್ಲ, ಕ್ಯಾಸೆಟ್ ತಗೊಂಡು ಏನ್ ಮಾಡ್ಲಿ? ನೀನೇ ಚೀಲ ತಂದು ಪಡಸಾಲ್ಯಾಗ ಇಟ್ಟಿ. ಹಕ್ಕಿಗಿ ಕಟ್ರಿ ಅಂದಿ. ಚಾ ಕುಡದು ಹೋದಿ.”

ಅವಳು ಕೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ನಿಂತಿದ್ದ ಬಾಗಿಲು, ಉಟ್ಟಿದ್ದ ಹಸಿರು ಸೀರೆ ಸಹಿತ. ಅಂಕಣದಲ್ಲೂ ‘ತಂಗಿ ಕೇಳಿದಳು’ ಎಂದೇ ಬರೆದಿದ್ದೆ. ಸಂಜೆ ಮನೆಗೆ ಬಂದು ಹಳೆಯ ಡೈರಿ ತೆಗೆದೆ. (ಡೈರಿ ಬರೆಯುವ ಚಟದಿಂದ ಆಗುವ ಲಾಭ ಇದೊಂದೇ: ನಮ್ಮ ಸುಳ್ಳು ನಮ್ಮ ಕೈಗೇ ಸಿಗುತ್ತದೆ.) ನನ್ನದೇ ಅಕ್ಷರ: ‘ದೀಪಾವಳಿಗೆ ಸುಣ್ಣ ಹೊಡೆಸಬೇಕು. ಅಲಮಾರು ಖಾಲಿ ಮಾಡಿದೆ. ಕ್ಯಾಸೆಟ್ಟಿನ ಚೀಲ ನೀಲಾಳ ಮನೆಗೆ ದಾಟಿಸಿದೆ. ಪೀಡೆ ಹೋಯಿತು.’

ಮರುಬಳಕೆ ಎಂಬ ಪದ ಆ ಪುಟದಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಹಸಿರು ಸೀರೆ ಎಲ್ಲಿಂದ ಬಂತು? ಗೊತ್ತಿಲ್ಲ. ಅಂಕಣ ಬರೆಯುವಾಗ ಬೇಕಾಗಿತ್ತೇನೋ, ಬಂದಿರಬೇಕು. ಮನೆಯಲ್ಲಿ ಬೇಡವಾದದ್ದನ್ನು ಇನ್ನೊಬ್ಬರ ಪಡಸಾಲೆಗೆ ಸಾಗಿಸಿ ಉಪಕಾರ ಮಾಡಿದೆ ಎಂದುಕೊಳ್ಳುವುದು ನನಗೊಬ್ಬನಿಗೇ ಇರುವ ರೋಗವೇ? ಕೆಟ್ಟ ಕಂಪ್ಯೂಟರನ್ನು ಸರ್ಕಾರಿ ಶಾಲೆಗೆ ಕೊಟ್ಟು ಫೋಟೋ ತೆಗೆಸಿಕೊಂಡವರನ್ನು ನೀವೂ ನೋಡಿರುತ್ತೀರಿ.

ಮರುದಿನ ಮತ್ತೆ ನೆಲೋಗಿಗೆ ಹೋದೆ. ಬಣವೆ ಬಿಚ್ಚಿ, ಒಂದೊಂದೇ ಸೂಡು ಕೊಡವಿ ರೀಲು ಆರಿಸಿದೆವು. ಎರಡು ದಿನ ಹಿಡಿಯಿತು. ನನ್ನ ಬೆರಳುಗಳೆಲ್ಲ ಗೀರು. ನೀಲಮ್ಮ ನಡುವೆ ಕೇಳಿದಳು: “ಪೇಪರಿನ್ಯಾಗ ಅದನ್ನ ಬರಿಯಾಕ ಎಷ್ಟೊತ್ತು ಹಿಡದಿತ್ತು ಅಣ್ಣಾ?”

“ಒಂದ್ ತಾಸು.”

“ಹಂಗಾರ ಆರಸು.”

ಅರ್ಧ ಗೋಣಿಚೀಲ ಆಯಿತು. ಜೇವರ್ಗಿಯಲ್ಲಿ ಹಳೇ ಸಾಮಾನು ಕೊಳ್ಳುವ ಭಂಗಾರದ ಅಂಗಡಿಗೆ ಒಯ್ದೆ. ಅಂಗಡಿಯವರು ಚೀಲದ ಬಾಯಿ ಬಿಚ್ಚಿ ನೋಡಿ ನಕ್ಕರು. “ತಾಂಬ್ರ ತರ್ರಿ, ಕಬ್ಬಿಣ ತರ್ರಿ ಮಾಸ್ತರ್. ಇದನ್ನ ನಾ ಯಾರಿಗಿ ಕೊಡ್ಲಿ? ಊರ ಹೊರಗ ಒಯ್ದು ಬೆಂಕಿಕಡ್ಡಿ ಗೀರ್ರಿ, ಮುಗೀತು.”

ಮುಗಿಯುವುದಿಲ್ಲ. ಪ್ಲಾಸ್ಟಿಕ್ ಸುಟ್ಟ ಹೊಗೆ ಇನ್ನೊಬ್ಬರ ಮೂಗಿಗೆ ಹೋಗುತ್ತದೆ. ಅದೂ ದಾಟಿಸುವುದೇ ಅಲ್ಲವೇ?

ಹತ್ತಾರು ಫೋನು ಮಾಡಿದ ಮೇಲೆ ಕಲಬುರಗಿಯಲ್ಲಿ ಇ-ತ್ಯಾಜ್ಯ ಒಯ್ಯುವವರೊಬ್ಬರು ಸಿಕ್ಕರು. ರೀಲಿನ ಚೀಲದ ಜೊತೆ ಮನೆಯಲ್ಲಿ ಉಳಿದಿದ್ದ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್‌ಗಳನ್ನೂ ಒಯ್ದೆ. ಡಿಸ್ಕು, ಡ್ರೈವುಗಳನ್ನು ಅಲ್ಲೇ ತೆಗೆದುಕೊಂಡರು. “ಒಳಗಿಂದೆಲ್ಲ ಅಳಸೀರೇನ್ರಿ?” ಎಂದು ಕೇಳಿದರು. (ಇಲ್ಲ. ಒಳಗೆ ಏನಿದೆ ಎಂಬುದೇ ಮರೆತಿತ್ತು. ಅಲ್ಲೇ ಕೂತು ಅಳಿಸಿಸಿದೆ.) ಸೀಡಿಗಳಿದ್ದರೆ ಸೀಡಿ ಬೇರೆ, ಅದರ ಡಬ್ಬಿ ಬೇರೆ, ಕಾಗದ ಬೇರೆ ಮಾಡಿ ತನ್ನಿ ಎಂದರು. ರೀಲಿನ ಚೀಲ ನೋಡಿ ಮಾತ್ರ ತಲೆಯಾಡಿಸಿದರು. “ಇದಕ್ಕ ಮಷೀನ್ ಇರೋರು ನಮ್ಮ ಕಡಿ ಯಾರೂ ಇಲ್ರಿ. ಹೊರಗಿನ ಊರಿಗಿ ಲೋಡ್ ಹೋಗುವಾಗ ಹೇಳ್ತೇನಿ. ಅಲ್ಲೀತನಕ ನೀವೇ ಇಟ್ಗೋರಿ.”

ಇಟ್ಟುಕೊಂಡಿದ್ದೇನೆ. ಬಾಯಿ ಬಿಗಿದು, ಮನೆಯೊಳಗೇ. ಹೆಂಡತಿಗೆ ಇಷ್ಟವಿಲ್ಲ, ನನಗೂ ಇಲ್ಲ. ಆದರೆ ನಮ್ಮ ಅಟ್ಟದ ಮೇಲಿರುವಷ್ಟು ದಿನ ಅದು ಯಾರ ಹೊಟ್ಟೆಗೂ ಹೋಗುವುದಿಲ್ಲ.

ನಿನ್ನೆ ನೀಲಮ್ಮ ಫೋನು ಮಾಡಿದಳು. “ಮೇವು ತಿನ್ನಾಕತ್ತಾದ. ಡಾಕ್ಟ್ರು ಬಂದು ಕೈ ಹಾಕಿ ನೋಡಿದ್ರು. ಕರ ಜೀವಂತ ಅದ ಅಂದ್ರು. ಇನ್ನಾ ಮೂರ್ ತಿಂಗಳ ಹೋಗಬೇಕು, ನೋಡಮು.” ಫೋನು ಇಡುವ ಮುಂಚೆ ಅಂದಳು: “ಇದನ್ನೂ ಬರಿ ಅಣ್ಣಾ. ನಾ ಕೇಳಿದ್ನಿ ಅಂತ ಮಾತ್ರ ಬರೀಬ್ಯಾಡ.”

ಬರೆದಿದ್ದೇನೆ. ಆಳಂದದವರಿಗೆ, ಅಫಜಲಪುರದ ಒಬ್ಬರಿಗೆ ಫೋನು ಮಾಡಿ ಹೇಳಿದೆ. ಇನ್ನೊಬ್ಬರು ಎತ್ತಲಿಲ್ಲ. ನನಗೆ ತಿಳಿಸದೆಯೇ ಕಟ್ಟಿದವರು ಎಷ್ಟು ಜನವೋ, ಅವರ ನಂಬರು ನನ್ನಲ್ಲಿಲ್ಲ. ಈ ವಾರ ಜೋಳ ಹಾಲು ತುಂಬುತ್ತಿದೆ, ಹೊಲಗಳಲ್ಲಿ ಗೂಟ ಏಳುತ್ತಿವೆ. ಹಿಂದೆ ನಾನು ಬರೆದದ್ದನ್ನು ಓದಿ ಕಟ್ಟಿದಿರಿ.

ಇದನ್ನು ಓದಿ ಬಿಚ್ಚುತ್ತೀರಾ?