ಹೂಂ ಅಂದರೆ ಹೌದಲ್ಲ

ನಮ್ಮ ಬೀದಿಯ ಲಾಯರಮ್ಮ ಚಾಕು-ಚೂರಿಯ ಕೇಸು ಮುಟ್ಟುವುದಿಲ್ಲ. ಇಸ್ತ್ರಿ ಅಂಗಿಯವರು ಸಿಕ್ಕಿಬೀಳುವ ಸರ್ಕಾರಿ ತನಿಖೆಗಳೇ ಅವರ ಇಪ್ಪತ್ತೆರಡು ವರ್ಷದ ಕಸುಬು. "ಕಳ್ಳರನ್ನ ಕಾಯ್ತೀರಲ್ಲ, ನಾಚಿಕೆ ಆಗಲ್ವಾ?" ಎಂದು ಒಮ್ಮೆ ಮುಖಕ್ಕೆ ಹೊಡೆದ ಹಾಗೆ ಕೇಳಿದ್ದೆ.

"ಕಳ್ಳ ಯಾರು ಅಂತ ಗೊತ್ತಾಗೋವರೆಗೂ ಕಾಯ್ತೀನಿ. ನೀವು ಅಷ್ಟೂ ಕಾಯಲ್ಲ" ಎಂದರು.

ಅವರ ಹತ್ತಿರ ಬಂದವನು ಒಬ್ಬ ಸ್ಟೋರ್ ಗುಮಾಸ್ತ. ಅವನ ಕಂಪನಿ ಶಾಲೆಗಳಿಗೆ ಬೆಂಕಿ ಆರಿಸುವ ಸಿಲಿಂಡರ್ ಕೊಟ್ಟಿತ್ತು. ಒಂದನ್ನೂ ಪರೀಕ್ಷಿಸದೆ ಎಲ್ಲದಕ್ಕೂ 'ಪರೀಕ್ಷಿಸಲಾಗಿದೆ' ಎಂಬ ಮೊಹರು ಬಿದ್ದಿತ್ತು. ಮಕ್ಕಳ ತಲೆಯ ಮೇಲೆ ನೇತಾಡುವ ಸುಳ್ಳು ಅದು! ತನಿಖೆಗೆ ಮ್ಯಾನೇಜರ್ ಮೂವರು ವಕೀಲರನ್ನು ಕಟ್ಟಿಕೊಂಡು ಹೋಗಿ, ಕೇಳಿದ್ದಕ್ಕೆಲ್ಲ "ನೆನಪಿಲ್ಲ" ಎಂದು ಬಂದ. ಗುಮಾಸ್ತ ಒಬ್ಬನೇ ಹೋದ. ತನಿಖೆಯ ಅಧಿಕಾರಿ ಕೇಳಿದರು.

"ಮೊಹರು ಒತ್ತಿದ್ದು ನೀವೇನಾ?"

"ಹೂಂ..."

ಹೂಂ ಎಂದವನು ಮುಂದಿನ ಮಾತಿಗೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಟೈಪಿಸ್ಟ್ 'ಹೌದು' ಎಂದು ಕುಟ್ಟಿಯಾಗಿತ್ತು. ಹನ್ನೊಂದು ಪ್ರಶ್ನೆ, ಹನ್ನೊಂದು ಹೂಂ, ಹನ್ನೊಂದು ಹೌದು. ಆ ಹಾಳೆ ಹಾಗೇ ಉಳಿದರೆ ಜೈಲು ಅವನಿಗೇ. ಆಮೇಲೆ ಲಾಯರಮ್ಮನ ಹತ್ತಿರ ಓಡಿ ಬಂದ.

"ಕೇಳಿಸ್ಕೊತಿದ್ದೀನಿ ಅಂತ ಹೂಂ ಅಂದೆ ಮೇಡಂ! ಹುಟ್ಟಿದಾಗಿಂದ ಹಾಗೇನೇ."

"ಹೆಂಡತಿಗೆ ಹೇಳಿ, ಆ ಚಟ ಬಿಡಿಸ್ತಾರೆ" ಎಂದರು ಲಾಯರಮ್ಮ.

ಒಂದು ವಾರ ಆ ಮನೆಯಲ್ಲಿ ಹೂಂ ನಿಷೇಧ. ಹೆಂಡತಿ ಸೊಪ್ಪು ಬಿಡಿಸುತ್ತಾ ತವರಿನ ಸುದ್ದಿ ಹೇಳಬೇಕು, ಇವನು ತುಟಿ ಬಿಚ್ಚಬಾರದು. ಮೂರನೇ ದಿನ ಅವಳೇ ಸಿಡಿದಳು. "ಗೋಡೆ ಜೊತೆ ಮಾತಾಡಿದ ಹಾಗಿದೆ ಕಣ್ರೀ! ಲಾಯರಮ್ಮಂಗೆ ಹೇಳಿ, ನಂಗೂ ಒಂದು ಕೇಸಿದೆ ಅಂತ."

ಮರುವಿಚಾರಣೆಯ ದಿನ ಲಾಯರಮ್ಮ ಅಧಿಕಾರಿಯ ಮೇಜಿನ ಮುಂದೆ ಕೂತು ನಿಧಾನವಾಗಿ ಹೇಳತೊಡಗಿದರು. "ಸಾರ್, ಇವರು ನಿರಪರಾಧಿ."

"ಹೂಂ."

"ಮೊದಲ ಹೇಳಿಕೆ ತಪ್ಪಾಗಿ ದಾಖಲಾಗಿದೆ."

"ಹೂಂ, ಹೂಂ."

ಲಾಯರಮ್ಮ ಟೈಪಿಸ್ಟ್ ಕಡೆ ತಿರುಗಿದರು. "ಸಾಹೇಬ್ರು ಎಲ್ಲಾ ಒಪ್ಪಿದ್ರು. ಮೂರು ಸಲ ಹೌದು ಅಂತ ಹೊಡೀರಿ."

ಟೈಪಿಸ್ಟ್ ಕಿಸಕ್ಕನೆ ನಕ್ಕ. ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದರು. "ಏನಮ್ಮಾ ಇದು! ಕೇಳಿಸ್ಕೊತಿದ್ದೀನಿ ಅಂತ ಹೂಂ ಅಂದ್ರೆ..."

"ಇವರೂ ಅಷ್ಟೇ ಸಾರ್."

ಅಧಿಕಾರಿ ಹಳೆಯ ಹಾಳೆಯನ್ನು ನೋಡಿದರು, ಗುಮಾಸ್ತನನ್ನು ನೋಡಿದರು. ಹೊಸ ಹಾಳೆ ಹಾಕಿಸಿದರು.

"ಮೊಹರು ಒತ್ತಿದ್ದು ನೀವೇನಾ?"

ಗುಮಾಸ್ತನ ಗಂಟಲಲ್ಲಿ ಹೂಂ ಮೇಲಕ್ಕೆ ಬಂತು. ನುಂಗಿಕೊಂಡ. "ಅಲ್ಲ ಸಾರ್. ಮೊಹರು ಮ್ಯಾನೇಜರ್ ಡ್ರಾಯರಲ್ಲಿರತ್ತೆ. ಬೀಗದ ಕೈ ಅವರ ಸೊಂಟದಲ್ಲಿ."

ಅವತ್ತೇ ಡ್ರಾಯರ್ ತೆಗೆಸಿದರು. ಮೊಹರು ಅಲ್ಲೇ ಇತ್ತು, ಪಕ್ಕದಲ್ಲಿ ಶಾಯಿ ಆರದ ಪ್ಯಾಡ್, ಅಡಿಯಲ್ಲಿ ಮ್ಯಾನೇಜರನೇ ಸಹಿ ಹಾಕಿಟ್ಟ ಖಾಲಿ ಸರ್ಟಿಫಿಕೇಟುಗಳ ಕಟ್ಟು. ಮೂವರು ವಕೀಲರಿದ್ದೂ ಮ್ಯಾನೇಜರನಿಗೆ ಎಲ್ಲಾ ನೆನಪಾಯಿತು. ಗುಮಾಸ್ತನ ಹೆಸರು ಆರೋಪಿಗಳ ಪಟ್ಟಿಯಿಂದ ಸಾಕ್ಷಿಗಳ ಪಟ್ಟಿಗೆ ಹೋಯಿತು.

ಆ ಸುದ್ದಿ ಬಂದ ದಿನ ಅವನು ಲಾಯರಮ್ಮನ ಮೆಟ್ಟಿಲ ಮೇಲೆ ನಿಂತು ಹೆಂಡತಿಗೆ ಫೋನ್ ಮಾಡಿದ. ಅವಳು ಅತ್ತಳೋ, ಬೈದಳೋ, ಒಂದು ವಾರದ ಬಾಕಿ ಸುದ್ದಿಯನ್ನೆಲ್ಲ ಹೇಳಿದಳೋ ಗೊತ್ತಿಲ್ಲ. ಇವನು ಮಾತ್ರ ಕಣ್ಣೊರೆಸಿಕೊಳ್ಳುತ್ತಾ "ಹೂಂ... ಹೂಂ... ಹೂಂ ಕಣೇ" ಎನ್ನುತ್ತಲೇ ಇದ್ದ.

ಲಾಯರಮ್ಮ ಒಳಗಿಂದ ಕೂಗಿದರು. "ಅಲ್ಲಿ ಎಷ್ಟು ಬೇಕಾದ್ರೂ ಅನ್ನಿ, ಯಾರೂ ಬರ್ಕೊಳ್ಳಲ್ಲ!"