ಅಪ್ಪಯ್ಯ ಹೊಡೆಯದ ಈಡು

ನಾನು ಓದು ನಿಲ್ಲಿಸಿದ್ದು 1995ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಫೇಲಾಗಿ ಬಿಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ಮೇಷ್ಟ್ರಿಗೆ ಗೊತ್ತಿಲ್ಲದ್ದು ನನ್ನ ಕೈಗೆ ಗೊತ್ತಿದೆ ಎಂಬ ಜಂಬದಲ್ಲಿ ಬಿಟ್ಟೆ. ಆ ಜಂಬಕ್ಕೆ ಒಂದು ವಾಸನೆ ಇದೆ, ಕಾದ ಉಕ್ಕಿಗೆ ಎಣ್ಣೆ ಸೋಕಿದಾಗ ಏಳುವ ಹೊಗೆಯ ವಾಸನೆ. ಈಗಲೂ ನನ್ನ ಶೆಡ್ಡಿನಲ್ಲಿ ಜೀಪಿನ ಸ್ಪ್ರಿಂಗ್ ಪ್ಲೇಟು ಕಾಯಿಸಿ ಎಣ್ಣೆಯ ಡಬ್ಬಕ್ಕೆ ಇಳಿಸುವಾಗ ಅದು ಮೂಗಿಗೆ ಬರುತ್ತದೆ. ಕೆಲಸದ ಹುಡುಗರಿಗೆ ಅದು ಬರೀ ಹೊಗೆ. ನಾನು ಮಾತ್ರ ಒಂದು ನಿಮಿಷ ಆಚೆ ಹೋಗಿ ರಸ್ತೆ ನೋಡುತ್ತಾ ನಿಂತು ಬರುತ್ತೇನೆ. ಯಾಕೆ ಎಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮೂಡಿಗೆರೆ ಕಡೆಯಿಂದ ಜಾವಳಿಗೆ ಹೋಗುವ ದಾರಿಯ ಒಂದು ತಿರುವಿನಲ್ಲಿ ನಮ್ಮ ಮನೆ ಇತ್ತು. ರಸ್ತೆಗೆ ಮುಖ ಮಾಡಿ ಕುಲುಮೆ, ಅದರ ಹಿಂದೆ ಅಡುಗೆಮನೆ, ನಡುವೆ ಒಂದೇ ಮಣ್ಣಿನ ಗೋಡೆ. ಆ ಗೋಡೆಗೆ ಈಚೆಯಿಂದ ಅಪ್ಪಯ್ಯನ ಬೆಂಕಿಯ ಬಿಸಿ, ಆಚೆಯಿಂದ ಅಮ್ಮನ ಒಲೆಯ ಬಿಸಿ. ಚಳಿಯ ಬೆಳಗಿನಲ್ಲಿ ಅದಕ್ಕೆ ಬೆನ್ನು ಕೊಟ್ಟು ಕೂತು ಕಾಫಿ ಕುಡಿದರೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಇದ್ದಿಲ ಪುಡಿ, ತಿದಿಯ ಚರ್ಮ, ಹೊಲಿಗೆ ಮಿಷನ್ನಿನ ಎಣ್ಣೆ, ಒಗ್ಗರಣೆ, ಎಲ್ಲ ಸೇರಿ ಆ ಮನೆಗೆ ಅದರದ್ದೇ ಒಂದು ಗಂಧ. ಮನೆ ಅಪ್ಪಯ್ಯ ಕಟ್ಟಿದ್ದು. ಜಾಗ ಮಾತ್ರ ಪಕ್ಕದ ಎಸ್ಟೇಟಿನ ದೊಡ್ಡಗೌಡ್ರದ್ದು. ಅವರ ತಂದೆ ಯಾವ ಕಾಲದಲ್ಲೋ ನಮ್ಮ ಅಜ್ಜನಿಗೆ "ಇದ್ಕೊಳ್ಳಿ ಆಚಾರ್ರೇ, ಯಾರು ಎಬ್ಬಿಸ್ತಾರೆ" ಎಂದಿದ್ದರಂತೆ. ಕಾಗದ ಪತ್ರ ಏನೂ ಇರಲಿಲ್ಲ, ಆ ಒಂದು ಮಾತೇ ನಮ್ಮ ಪತ್ರ. ನಿಮ್ಮಲ್ಲಿ ಎಷ್ಟೋ ಜನ ಅಂಥ ಮಾತಿನ ಮೇಲೆ ನಿಂತ ಮನೆಗಳಲ್ಲಿ ಬೆಳೆದವರೇ ಇರಬಹುದು. ಹಾಗಾಗಿ ಹೆಚ್ಚು ವಿವರಿಸುವುದಿಲ್ಲ.

ಅಪ್ಪಯ್ಯ ಕತ್ತಿ, ಗುದ್ದಲಿ ಎಲ್ಲ ಮಾಡುತ್ತಿದ್ದರೂ ಅವರ ಹೆಸರು ಇದ್ದದ್ದು ಕೋವಿ ರಿಪೇರಿಯಲ್ಲಿ. ಸರ್ಕಾರದ ಲೈಸೆನ್ಸು ಕನ್ನಡಿ ಹಾಕಿಸಿಕೊಂಡು ದೇವರ ಪಟದ ಪಕ್ಕದಲ್ಲೇ ನೇತಾಡುತ್ತಿತ್ತು. ಕಳಸದ ತನಕ ಯಾರು ಹಳೆ ಕೋವಿ ಕೊಳ್ಳುವುದಿದ್ದರೂ ಮೊದಲು ನಮ್ಮ ಕುಲುಮೆಗೆ ಬರುತ್ತಿದ್ದರು. ಅಜ್ಜನ ಕಾಲದಿಂದ ನಡೆದುಬಂದ ಒಂದು ಕ್ರಮ ಇತ್ತು. ಕೋವಿಗೆ ಕೇಳಿದ ಬೆಲೆ ಸರಿಯೋ ಅಲ್ಲವೋ ಎಂದು ಆಚಾರ್ರು ಬಾಯಲ್ಲಿ ಹೇಳುವ ಹಾಗಿಲ್ಲ. ಎಲ್ಲ ನೋಡಿ, ಸರಿ ಅನ್ನಿಸಿದರೆ ಹಿತ್ತಲಿನ ಹಲಸಿನ ಮೋಟಿಗೆ ತಾವೇ ಮೊದಲ ಈಡು ಹೊಡೆಯಬೇಕು. ಹೊಡೆದರೆ ವ್ಯಾಪಾರ ಆಯಿತು ಎಂದೇ ಅರ್ಥ. ಹೊಡೆಯದೆ ಕೋವಿಯನ್ನು ಬಟ್ಟೆಯ ಮೇಲೆ ಇಟ್ಟುಬಿಟ್ಟರೆ ಕೊಳ್ಳುವವನು ಎದ್ದು ಹೋಗಬಹುದು. "ಆಚಾರ್ರು ಹೊಡೆದ್ರಾ?" ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದರು ಜನ. ಹೊಡೆಯುವ ದಿನ ಅಮ್ಮ ಒಲೆಯ ಮುಂದಿನಿಂದ ಎದ್ದು ಹಿತ್ತಲ ಬಾಗಿಲಿಗೆ ಬಂದು, ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಸದ್ದು ಕೇಳಿ, ಹೊಗೆ ಕರಗಿ, ಅಪ್ಪಯ್ಯನ ಕೈ ಮೇಲೆದ್ದದ್ದು ಕಂಡ ಮೇಲೆಯೇ ಅವರು ಉಸಿರು ಬಿಡುತ್ತಿದ್ದದ್ದು.

ಶಾಲೆ ಬಿಟ್ಟ ವರ್ಷ ಆಯುಧಪೂಜೆಯ ಹೊತ್ತಿಗೆ ಅಪ್ಪಯ್ಯ ಕಳಸದ ಕಡೆಯ ಎಸ್ಟೇಟುಗಳಿಗೆ ಕೋವಿ ರಿಪೇರಿಗೆ ಹೋಗಿ ಒಂದು ವಾರ ಅಲ್ಲೇ ಉಳಿದರು. ಆಗ ದೊಡ್ಡಗೌಡ್ರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಒಂದು ಚರ್ಮದ ಚೀಲ ತಂದರು. ಒಳಗೆ ಆರು ಗುಂಡಿನ ರಿವಾಲ್ವರ್, ಇಂಗ್ಲೆಂಡಿನದು. ತೋಟ ಮಾರಿ ಹೊರಟ ಯಾವನೋ ದೊರೆಯಿಂದ ಗೌಡ್ರ ತಂದೆ ಕೊಂಡದ್ದಂತೆ. ಮಳೆಗಾಲವೆಲ್ಲ ಚೀಲದಲ್ಲೇ ಇಟ್ಟಿದ್ದರಿಂದ ಚರ್ಮ ನೀರು ಹೀರಿ, ಗುಂಡು ಕೂರುವ ಗೂಡಿನ ಮೇಲೆಲ್ಲ ತುಕ್ಕು ಬಂದಿತ್ತು. "ಅಪ್ಪ ಬರ್ಲಿ" ಎಂದರೆ ಮುಗಿಯುತ್ತಿತ್ತು. ನಾನು ಎಂದದ್ದು, "ಇಟ್ಟು ಹೋಗಿ, ನಾಡಿದ್ದು ಬನ್ನಿ."

ಉಪ್ಪುಕಾಗದದಲ್ಲಿ ಉಜ್ಜಿದೆ. ತುಕ್ಕು ಹೋಯಿತು, ಜೊತೆಗೆ ಹಳೆಯ ಬಣ್ಣವೂ ಹೋಗಿ ಗೂಡು ಸ್ಟೀಲ್ ಲೋಟದ ಹಾಗೆ ಬೆಳ್ಳಗಾಯಿತು. ಅಪ್ಪಯ್ಯ ಸಣ್ಣ ಸ್ಕ್ರೂಗಳನ್ನು ಕೆಂಡದ ಮೇಲೆ ಹದವಾಗಿ ಕಾಯಿಸಿ, ಎಣ್ಣೆಗೆ ಹಾಕಿ ನೀಲಿ ಬಣ್ಣ ಬರಿಸುವುದನ್ನು ನೋಡಿದ್ದೆ. ಅದೇ ಧೈರ್ಯದಲ್ಲಿ ಗೂಡನ್ನು ಬಿಚ್ಚಿ ಕುಲುಮೆಗೆ ಇಟ್ಟೆ. ತಿದಿ ಒಂದೆರಡು ಸಲ ಹೆಚ್ಚು ಒತ್ತಿದೆನೋ ಏನೋ, ನೋಡುತ್ತಿದ್ದಂತೆ ಅದು ದಾಸವಾಳದ ಹಾಗೆ ಕೆಂಪಗಾಯಿತು. ಹೆದರಿ ಎಳೆದು ಬೂದಿಯೊಳಗೆ ಹುಗಿದೆ. ಆರಿದ ಮೇಲೆ ತೆಗೆದರೆ ಕಪ್ಪು ಪೊರೆ ಬಂದದ್ದು ಬಿಟ್ಟರೆ ಏನೂ ಆದಂತೆ ಕಾಣಲಿಲ್ಲ. ಪುನಃ ಉಜ್ಜಿ, ಎರಡನೇ ಸಲ ಹುಷಾರಾಗಿ ಕಾಯಿಸಿ ಎಣ್ಣೆಗೆ ಇಳಿಸಿದೆ. ನವಿಲಿನ ಕತ್ತಿನ ನೀಲಿ ಬಂತು. ಅಂಥ ಬಣ್ಣ ಅಪ್ಪಯ್ಯನ ಕೈಯಲ್ಲೂ ಬಂದದ್ದು ನಾನು ನೋಡಿರಲಿಲ್ಲ. ರೈಟರು ಬಾಯಿ ಬಿಟ್ಟುಕೊಂಡು ನೋಡಿ, "ಅಪ್ಪನ್ನೇ ಮೀರಿಸ್ಬಿಟ್ಯಲ್ಲ ಮಾರಾಯ" ಎಂದು ಬೆನ್ನು ತಟ್ಟಿ ಹೋದರು. ಅಪ್ಪಯ್ಯ ಬಂದು ಎಂತ ಮಾಡಿದೆ ಎಂದು ಕೇಳಿದಾಗ, ಉಜ್ಜಿ ಎಣ್ಣೆ ಹಾಕಿದೆ ಎಂದೆ. ಬೆಂಕಿಯ ವಿಷಯ ಹೇಳಲಿಲ್ಲ. ಕೇಳದೆ ಕುಲುಮೆ ಹಚ್ಚಿದ್ದಕ್ಕೆ ಬೈಯುತ್ತಾರೆ ಎಂದಷ್ಟೇ ನನ್ನ ಆಗಿನ ಹೆದರಿಕೆ.

ನಿಜವಾದ ಹೆದರಿಕೆ ಬಂದದ್ದು ದೀಪಾವಳಿ ಕಳೆದ ಮೇಲೆ. ಒಂದು ದಿನ ಅಪ್ಪಯ್ಯ ಕೋವಿಯ ಸ್ಪ್ರಿಂಗ್ ಒಂದನ್ನು ನನ್ನ ಕೈಗೆ ಕೊಟ್ಟು ಬಗ್ಗಿಸಲು ಹೇಳಿದರು. ಬಗ್ಗಿ ಪುಟಿಯಿತು. ಅದನ್ನೇ ಕೆಂಪಗೆ ಕಾಯಿಸಿ ಬೂದಿಯಲ್ಲಿ ಆರಿಸಿ ಮತ್ತೆ ಕೊಟ್ಟರು. ಬಗ್ಗಿದ್ದು ಬಗ್ಗಿದಂತೆಯೇ ಉಳಿಯಿತು, ಬಾಳೆನಾರಿನ ಹಾಗೆ. "ನೋಡ್ದ್ಯಾ, ಉಕ್ಕು ಸತ್ತೋಯ್ತು" ಎಂದರು. "ನೋಡಕ್ಕೆ ಹಂಗೇ ಇರುತ್ತೆ. ಭಾರ ಬಿದ್ದಾಗ್ಲೇ ಗೊತ್ತಾಗೋದು." ಅವರು ಪಾಠ ಹೇಳುತ್ತಿದ್ದರು. ನನಗೆ ನೆನಪಾದದ್ದು ಬೂದಿಯಲ್ಲಿ ಹುಗಿದ ರಿವಾಲ್ವರಿನ ಗೂಡು. ಆ ಗೂಡಿನಲ್ಲಿ ಗುಂಡು ಸಿಡಿದರೆ ಉಕ್ಕು ತಡೆಯುವುದಿಲ್ಲ, ಹಿಡಿದವನ ಕೈಯಲ್ಲೇ ಒಡೆಯುತ್ತದೆ. ಆ ದಿನದಿಂದ ಅನ್ನ ಸೇರಲಿಲ್ಲ. ಎಸ್ಟೇಟಿನ ಕಡೆ ಪಟಾಕಿ ಹೊಡೆದರೂ ಹೊರಗೆ ಓಡಿ ಬಂದು ಆ ಕಡೆ ನೋಡುತ್ತಿದ್ದೆ. ಅಮ್ಮ ದೃಷ್ಟಿ ತೆಗೆದರು. ಹೇಳಬೇಕು ಎಂದು ಎಷ್ಟೋ ಸಲ ಅಪ್ಪಯ್ಯನ ಪಕ್ಕಕ್ಕೆ ಹೋಗಿ ನಿಂತೆ. ಬಾಯಿ ತೆರೆಯುತ್ತಿರಲಿಲ್ಲ. ಗೌಡ್ರು ಅದನ್ನು ಬೀರುವಿನಿಂದ ತೆಗೆಯುವುದೇ ಪೂಜೆಗೆ, ಯಾರು ಹೊಡೆಯುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಾಫಿ ಕುಯ್ಲು ಜೋರಾಗಿದ್ದ ಒಂದು ಮಧ್ಯಾಹ್ನ ಕುಲುಮೆಯ ಮುಂದೆ ಎರಡು ಜೀಪು ನಿಂತವು. ಒಂದರಿಂದ ದೊಡ್ಡಗೌಡ್ರು ಇಳಿದರು, ಇನ್ನೊಂದರಿಂದ ಬಾಳೂರಿನ ಮಂಜಣ್ಣ. ಆಗ ಕಾಫಿಗೆ ಎಂದೂ ಇಲ್ಲದ ರೇಟು. ಮಂಜಣ್ಣ ಹೊಸ ಜೀಪು ಕೊಂಡಿದ್ದರು, ರಿವಾಲ್ವರ್ ಇಟ್ಟುಕೊಳ್ಳಲು ಲೈಸೆನ್ಸೂ ಮಾಡಿಸಿದ್ದರು. ಅಪ್ಪಯ್ಯ ಅಮ್ಮನ ಹಳೆ ಬಿಳಿ ಸೀರೆಯ ತುಂಡು ಹಾಸಿದರು. ಗೌಡ್ರು ಅದರ ಮೇಲೆ ಚರ್ಮದ ಚೀಲ ಇಟ್ಟರು.

"ಎಂಬತ್ತು ಸಾವ್ರ ಹೇಳ್ತಿದಾರೆ ಆಚಾರ್ರೇ" ಎಂದರು ಮಂಜಣ್ಣ. "ನಂಗೆ ಇದ್ರ ತಲೆ ಬಾಲ ಗೊತ್ತಿಲ್ಲ. ನೀವು ಹೊಡೆದ್ರೆ ತಗೊಳ್ತೀನಿ."

"ಹೊಡೀದೆ ಎಂತ ಮಾರಾಯ? ದೊರೆಗಳ ಕಾಲದ ಮಾಲು. ನಿನ್ ಹೊಸ ಜೀಪಿಗಿಂತ ಗಟ್ಟಿ ಇದೆ."

"ಜೀಪು ಕೆಟ್ರೆ ತಳ್ಬಹುದು ಗೌಡ್ರೇ. ಇದು ಕೆಟ್ರೆ ನನ್ ಮೂಗನ್ನ ಎಲ್ಲಿ ಅಂತ ಹುಡುಕ್ಲಿ?"

ಗೌಡ್ರು ಜೋರಾಗಿ ನಕ್ಕು ನನ್ನ ಕಡೆ ಕೈ ತೋರಿಸಿದರು. "ಈ ಹುಡ್ಗಂದೇ ಕೈಕೆಲ್ಸ ನೋಡು. ಈ ಬಣ್ಣ ನೋಡಿದ ಮೇಲೇ ನಾನು ಹತ್ತು ಸಾವ್ರ ಏರ್ಸಿದ್ದು."

ಅಪ್ಪಯ್ಯ ನಿಧಾನದ ಮನುಷ್ಯ. ನಳಿಗೆಯ ಬುಡಕ್ಕೆ ಬಿಳಿ ಕಾಗದ ಹಿಡಿದು ಬೆಳಕಿಗೆ ನೋಡಿದರು. ಒಳಗಿನ ಗೆರೆಗಳು ಚೆನ್ನಾಗಿದ್ದವು. ಕುದುರೆ ಎಳೆದು ಬಿಟ್ಟು, ಪ್ರತಿ ಸಲವೂ ಗೂಡು ಅಲುಗದೆ ನಿಲ್ಲುತ್ತದೆಯೇ ಎಂದು ಹೆಬ್ಬೆರಳಿನಲ್ಲಿ ಅಮುಕಿ ಆರು ಸಲ ನೋಡಿದರು. ಆಮೇಲೆ ಆ ನೀಲಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಉಜ್ಜಿದ್ದಷ್ಟೇ ಅಲ್ವೇನೋ?" ಎಂದರು, ತಲೆ ಎತ್ತದೆ. ನಾನು ಹೂಂ ಎಂದೆ. ಆ ಒಂದು ಹೂಂ ನನ್ನ ಬಾಯಿಂದ ಹೇಗೆ ಬಂತೋ ನನಗೆ ಈಗಲೂ ಗೊತ್ತಿಲ್ಲ. ಮಗನ ಮಾತನ್ನು ನಾಲ್ಕು ಜನರ ಮುಂದೆ ಅನುಮಾನಿಸುವವರಲ್ಲ ಅವರು. ಉಕ್ಕಿನ ಗಟ್ಟಿ ನೋಡಲು ಮಾರುವ ಮಾಲಿನ ಮೇಲೆ ಅರ ಹಾಕಿ ಗೀರುವುದೂ ಕ್ರಮವಲ್ಲ. ಎದ್ದರು. ಗೌಡ್ರು ಕೊಟ್ಟ ಗುಂಡುಗಳಲ್ಲಿ ಒಂದನ್ನು ಆರಿಸಿ ಗೂಡಿಗೆ ಇಳಿಸಿದರು. ಎಲ್ಲರೂ ಹಿತ್ತಲಿಗೆ ನಡೆದರು.

ಅಮ್ಮ ಬಾಗಿಲಿಗೆ ಬಂದು ನಿಂತದ್ದು, ಮುಷ್ಟಿ ಎದೆಗೆ ಹೋದದ್ದು ಕಂಡಿತು. ಅಪ್ಪಯ್ಯ ಕಾಲು ಅಗಲಿಸಿ ನಿಂತು ಬಲಗೈ ಚಾಚಿದರು. ಆ ಕೈಯನ್ನೇ ನೋಡುತ್ತಿದ್ದೆ. ಬೆರಳಿನ ಗೆಣ್ಣುಗಳಲ್ಲಿ ಇದ್ದಿಲ ಕಪ್ಪು, ಹೆಬ್ಬೆರಳಿನ ಉಗುರು ಯಾವಾಗಲೋ ಸುತ್ತಿಗೆ ತಾಗಿ ಸೀಳಿದ್ದು. ನಮ್ಮ ಮನೆಯ ಅನ್ನವೆಲ್ಲ ಆ ಕೈಯಿಂದಲೇ ಬರುತ್ತಿತ್ತು. ಕೂಗಬೇಕು ಎಂದುಕೊಂಡೆ. ಬಾಯಿ ತೆರೆಯಲಿಲ್ಲ. ಆದರೆ ಕಾಲು ನಡೆಯಿತು. ನಾನು ಹೋಗಿ ಹಲಸಿನ ಮೋಟಿನ ಮುಂದೆ, ನಳಿಗೆಗೆ ಎದುರಾಗಿ, ನಿಂತುಬಿಟ್ಟೆ.

"ಏಯ್! ಎಂತ ಹುಚ್ಚಾ ನಿಂಗೆ? ಹೋಗಾಚೆ!" ಎಂದು ಗೌಡ್ರು ಕೂಗಿದರು. ಅಮ್ಮನ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ. ನಾನು ಕದಲಲಿಲ್ಲ. ಚಡ್ಡಿ ಒದ್ದೆಯಾಗಿತ್ತು. ಅಪ್ಪಯ್ಯ ರಿವಾಲ್ವರನ್ನು ನೆಲಕ್ಕೆ ತಿರುಗಿಸಿದರು. ನನ್ನ ಮುಖವನ್ನೂ ಗೂಡಿನ ನೀಲಿಯನ್ನೂ ಒಂದೊಂದು ಸಲ ನೋಡಿದರು. ಗುಂಡು ಹೊರಕ್ಕೆ ತೆಗೆದು ಜೇಬಿಗೆ ಹಾಕಿಕೊಂಡು ಕುಲುಮೆಗೆ ನಡೆದರು. ಅರ ತೆಗೆದು ಗೂಡಿನ ಅಂಚಿಗೆ ಒಂದೇ ಒಂದು ಸಲ ಎಳೆದರು. ಗಟ್ಟಿ ಉಕ್ಕಿನ ಮೇಲೆ ಜಾರಬೇಕಾದ ಅರ ಕಚ್ಚಿಕೊಂಡಿತು. ಬಿಳಿ ಬಟ್ಟೆಯ ಮೇಲೆ ಉಕ್ಕಿನ ಪುಡಿ ಉದುರಿತು.

"ಮಂಜಣ್ಣ, ತಗೋಬೇಡಿ" ಎಂದರು. "ಉಕ್ಕು ಸತ್ತಿದೆ. ಇದು ಎಂಬತ್ತು ಸಾವ್ರ ಅಲ್ಲ, ಎಂಟು ರೂಪಾಯೂ ಬಾಳಲ್ಲ."

ಗೌಡ್ರ ಮುಖ ಕಪ್ಪಿಟ್ಟಿತು. "ಹಂಗಾದ್ರೆ ನಿಮ್ ಹುಡ್ಗ ಕೆಡಿಸ್ದ ಅನ್ನಿ."

"ಹುಡ್ಗ ಅಲ್ಲ ಗೌಡ್ರೇ. ಕುಲುಮೆ ನಂದು, ಲೈಸೆನ್ಸು ನನ್ ಹೆಸ್ರಲ್ಲಿದೆ. ಕೆಡಿಸಿದ್ದು ನಾನೇ."

ಆಮೇಲೆ ಗೌಡ್ರು ಹೇಳಿದ ಮಾತುಗಳನ್ನು ಬರೆಯುವುದಿಲ್ಲ. ಅವರ ಜಾಗದಲ್ಲಿ ಕೂತು ಅವರ ತಂದೆಯ ನೆನಪನ್ನೇ ಗುಜರಿ ಕಬ್ಬಿಣ ಮಾಡಿದೆವು ಎಂದರು. ಅದು ಸುಳ್ಳೂ ಅಲ್ಲ. ವಾರದ ಮೇಲೆ ಅದೇ ರೈಟರು ಬಂದು, ಯುಗಾದಿಯೊಳಗೆ ಜಾಗ ಬಿಡಬೇಕಂತೆ ಎಂದು ನೆಲ ನೋಡುತ್ತಾ ಹೇಳಿದರು. ಅಪ್ಪಯ್ಯ ತಾವೇ ಹೆಂಚು ಇಳಿಸಿದರು. ಅಮ್ಮ ಕೊನೆಯ ದಿನವೂ ಒಲೆ ಸಾರಿಸಿದರು. ಲಾರಿಯಲ್ಲಿ ತಿದಿಯ ಪಕ್ಕ ಅಪ್ಪಯ್ಯ, ಅವರ ಪಕ್ಕ ನಾನು. ತಿರುವು ದಾಟಿ ಮನೆ ಮರೆಯಾದ ಮೇಲೆ ಅವರು ಕೇಳಿದ್ದು ಒಂದೇ ಮಾತು, "ಬಾಯಿ ಇರ್ಲಿಲ್ವೇನೋ ನಿಂಗೆ?" ಇತ್ತು. ಆಗಲೂ ಅದು ತೆರೆಯಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಮೂಡಿಗೆರೆಗೆ ಬಂದ ಮೇಲೆ ಅವರ ಹತ್ತಿರ ಯಾರೂ ಕೋವಿ ತರಲಿಲ್ಲ. ಆಚಾರ್ರ ಕುಲುಮೆಯಲ್ಲಿ ಉಕ್ಕು ಸಾಯುತ್ತದೆ ಎಂಬ ಮಾತು ನಮಗಿಂತ ಮೊದಲೇ ಊರು ತಲುಪಿತ್ತು. ಸಂತೆಯ ದಿನ ಕತ್ತಿ ಸಾಣೆ ಹಿಡಿದು ಬದುಕಿದರು. ನಾನು ಗ್ಯಾರೇಜಿನಲ್ಲಿ ನಟ್ಟು ಬೋಲ್ಟು ತೊಳೆಯುವುದರಿಂದ ಶುರುಮಾಡಿ, ವೆಲ್ಡಿಂಗ್ ಕಲಿತು, ಯಾರ ಮುಂದೂ ಕೈ ಚಾಚದೆ ಮೇಲೆ ಬಂದೆ. ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ. ಜಾವಳಿಯ ಆ ತಿರುವಿನಲ್ಲಿ ಈಗ ಹೋಮ್‌ಸ್ಟೇಗೆ ಬರುವವರ ಕಾರು ನಿಲ್ಲಿಸುವ ಜಾಗ ಇದೆ. ಎರಡು ಬೆಂಕಿಗಳ ನಡುವಿನ ಗೋಡೆ ಎಲ್ಲಿತ್ತು ಎಂದು ಗುರುತು ಹಿಡಿಯಲು ಹೋಗಿ ಸೋತು ಬಂದಿದ್ದೇನೆ.

ಅಪ್ಪಯ್ಯ ಹೋಗಿ ಐದು ವರ್ಷವಾಯಿತು. ಮಣ್ಣು ಮಾಡುವ ಮುಂಚೆ ಮೈ ತೊಳೆಯುವಾಗ ಅವರ ಬಲಗೈ ನನ್ನ ಕೈಯಲ್ಲಿತ್ತು. ನೆಂಟರೆಲ್ಲ ನೋಡುತ್ತಿದ್ದರೂ ನಾನು ಒಂದೊಂದೇ ಬೆರಳು ಬಿಡಿಸಿ ಎಣಿಸಿದೆ. ಐದೂ ಇದ್ದವು.

ಈಗ ನನಗೆ ಇರುವುದು ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಿಷನ್ನು, ಒಂದು ಹಳೆ ಜೀಪು, ಕೆಲಸಕ್ಕೆ ಮೂರು ಜನ. ಆರು ಗುಂಟೆ ಜಾಗ, ಪತ್ರ ನನ್ನ ಹೆಸರಿನಲ್ಲೇ ಇದೆ, ಅದರ ಮೇಲೆ ನಾಲ್ಕು ಕೋಣೆಯ ಮನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಓದುತ್ತಿದ್ದಾರೆ. ಅಮ್ಮ ಇದ್ದಾರೆ. ಕೋವಿ ಇಲ್ಲ.